ಬಾರ್ಡರ್‌ನಲ್ಲಿದ್ದ ಚೆನ್ನಬಸಪ್ಪ ಮಾವ

ಚೆನ್ನಬಸಪ್ಪ ಮಾವ ನಡೆಯುತ್ತಿರಲಿಲ್ಲ. ಕಾಲಿಗೇನೂ ಆಗಿರಲಿಲ್ಲ, ನಡೆಯುವುದೆಂದರೆ ಮರ್ಯಾದೆಗೆ ಕಡಿಮೆ ಎಂದುಕೊಂಡಿದ್ದರು. ಆದೋನಿಯ ಅವರ ಮನೆಯ ಎದುರಿಗೇ, ರಸ್ತೆಯ ಆಚೆ ಬದಿಗೆ, ಮಿರ್ಚಿ ಕರಿಯುವ ಅಂಗಡಿ. ಅಲ್ಲಿಗೆ ಹೋಗಲೂ ಸ್ಕೂಟರ್ ಹೊರಗೆ ತೆಗೆದು, ಒದ್ದು ಚಾಲೂ ಮಾಡಿ, ಅರ್ಧ ತಿರುವು ಹೊಡೆದು, ಅಂಗಡಿಯ ಮುಂದೆ ಸ್ಟ್ಯಾಂಡ್ ಹಾಕುತ್ತಿದ್ದರು. ಹತ್ತಿ ದಲ್ಲಾಳಿ ನಡೆದುಕೊಂಡು ಬಂದರೆ ರೈತರು ನಂಬುವುದಿಲ್ಲ ಎಂಬುದು ಅವರ ವಾದ.

ಅವರು ನನ್ನ ತಾಯಿಯ ಅಣ್ಣ. ಆದೋನಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದಾಗ ನಾನು ಕೆಲವು ವರ್ಷ ಅವರ ಮನೆಯ ಮಾಳಿಗೆಯ ಕೋಣೆಯಲ್ಲಿದ್ದೆ. ಮನೆಯಲ್ಲಿ ಮಾವ, ಶಾಂತಮ್ಮ ಅತ್ತೆ, ನಾನು. ಅಡುಗೆ ಮಾತ್ರ ಮದುವೆಗೆ ಬಂದ ಬೀಗರಿಗೆ ಆಗುವಷ್ಟು. ಮಾವ ಉಣ್ಣುವಾಗ ಅತ್ತೆ ಬಡಿಸುತ್ತ ನಿಂತಿರುತ್ತಿದ್ದರು. ಆಮೇಲೆ ಉಳಿದ ಅನ್ನ, ಉಳಿದ ಸಿಹಿ, ಯಾವುದನ್ನೂ ಚೆಲ್ಲಬಾರದೆಂದು ಅಡುಗೆಮನೆಯಲ್ಲಿ ಒಬ್ಬರೇ ಕುಳಿತು ಮುಗಿಸುತ್ತಿದ್ದರು.

ಒಮ್ಮೆ ಮಾವನಿಗೆ ಜ್ವರ ಬಂದು ರಕ್ತ ಪರೀಕ್ಷೆ ಆಯಿತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬಾರ್ಡರ್‌ನಲ್ಲಿದೆ, ಈಗಲೇ ಎಚ್ಚರವಾದರೆ ಹಿಂದಕ್ಕೆ ತಿರುಗಿಸಬಹುದು ಎಂದು ಡಾಕ್ಟರಮ್ಮ ತೆಲುಗಿನಲ್ಲಿ ವಿವರಿಸಿದರು. ಮಾವ ನಕ್ಕುಬಿಟ್ಟರು.

"ಬಾರ್ಡರ್ ನಮಗ ಹೊಸದೇನಮ್ಮ? ಈ ಕಡಿ ಆಂಧ್ರ, ಆ ಕಡಿ ಕರ್ನಾಟಕ. ಹುಟ್ಟಿದಾಗಿಂದ ಬಾರ್ಡರ್‌ನಾಗ ಅದೀವಿ. ಏಮೀ ಕಾಲೇದು, ಏನೂ ಆಗಿಲ್ಲ."

ಡಾಕ್ಟರಮ್ಮ ನಗಲಿಲ್ಲ. ನಾಣ್ಯದಷ್ಟು ಅಗಲದ ಒಂದು ಬಿಳಿ ಬಿಲ್ಲೆಯನ್ನು ಅವರ ಎಡತೋಳಿನ ಹಿಂಬದಿಗೆ ಅಂಟಿಸಿದರು. ಅದು ಎರಡು ವಾರ ಅಲ್ಲೇ ಇರುತ್ತದೆ, ಸಕ್ಕರೆ ಏರಿಳಿಯುವುದನ್ನು ಫೋನಿನಲ್ಲಿ ಗೆರೆಯಾಗಿ ತೋರಿಸುತ್ತದೆ, ಹೆಚ್ಚಾದರೆ ಕೂಗುತ್ತದೆ ಎಂದರು. ಇನ್ನೊಂದು ಬಿಲ್ಲೆಯನ್ನು, ಮುಂದಿನ ಸರದಿಗೆಂದು, ಕೈಯಲ್ಲಿ ಕೊಟ್ಟರು. ತಾವು ಬೈಯುವುದಿಲ್ಲ, ಏನು ತಿಂದರೆ ಏನಾಗುತ್ತದೆಂದು ಅವರೇ ನೋಡಿಕೊಳ್ಳಲಿ ಎಂದು ಕಳಿಸಿದರು.

ಮನೆಗೆ ಬಂದವರೇ ಮಾವ ತೋಳಿನ ಮೇಲೆ ಶಲ್ಯವನ್ನು ಎರಡು ಮಡಿಕೆ ಹೊದ್ದು, ಜಿಲೇಬಿ ತಿಂದರು. ಬಟ್ಟೆ ಮುಚ್ಚಿದರೆ ಪ್ರಯೋಜನವಿಲ್ಲ, ಅದಕ್ಕೆ ಒಳಗಿಂದಲೇ ತಿಳಿಯುತ್ತದೆ ಎಂದೆ.

"ತಿನ್ನೋದು ಬಲಗೈ. ಎಡಗೈಗೆ ಹೆಂಗ ಗೊತ್ತಾಗತೈತಿ?" ಅಂದರು.

ಸ್ವಲ್ಪ ಹೊತ್ತಿಗೆ ಫೋನಿನ ಗೆರೆ ಆದೋನಿಯ ಕೋಟೆಗುಡ್ಡದ ಹಾಗೆ ಮೇಲೆದ್ದಿತು. ಮಾವ ಗೆರೆ ನೋಡಿದರು, ತೋಳು ನೋಡಿದರು, ಕೊನೆಗೆ ಚಾಡಿ ಹೇಳಿದವಳು ನಾನೇ ಎಂಬಂತೆ ನನ್ನನ್ನು ನೋಡಿದರು.

ಅಂದಿನಿಂದ ಅವರು ಆ ಬಿಲ್ಲೆಯೊಂದಿಗೆ ವ್ಯಾಪಾರಕ್ಕಿಳಿದರು. ಇವತ್ತು ಬರೀ ಅನ್ನ, ನಾಳೆ ಮೊದಲು ಪುಂಡಿಪಲ್ಯ ಆಮೇಲೆ ರೊಟ್ಟಿ, ಹೀಗೆ ದಿನಕ್ಕೊಂದು ಪರೀಕ್ಷೆ. ರೋಗಿಗಳ ಆಹಾರವೆಂದು ತಾವು ತಿರಸ್ಕರಿಸಿದ್ದ ಇಡ್ಲಿ ಗೆರೆಯನ್ನು ಎತ್ತರಕ್ಕೆ ಒಯ್ದಿತು, ಮಿರ್ಚಿ ಅಷ್ಟು ಏರಿಸಲಿಲ್ಲ. ಮಾವನಿಗೆ ಸ್ವರ್ಗ ಸಿಕ್ಕಿತು. ಮಿರ್ಚಿ ಔಷಧಿ ಎಂದು ಮಾರುಕಟ್ಟೆಯೆಲ್ಲ ಸಾರಿದರು. ಎದುರಂಗಡಿಯವನು ಅದನ್ನು ಬೋರ್ಡಿನ ಮೇಲೆ ಬರೆಸುವ ಯೋಚನೆಯಲ್ಲಿದ್ದ. ವಿಷಯ ಡಾಕ್ಟರಮ್ಮನ ಕಿವಿಗೆ ಬಿದ್ದು, ಎಣ್ಣೆ ಸಕ್ಕರೆಯನ್ನು ತಡವಾಗಿ ಏರಿಸುತ್ತದೆ ಅಷ್ಟೇ, ಅದರ ಪೆಟ್ಟು ಎದೆಗೆ ಬೀಳುತ್ತದೆ ಎಂದು ಫೋನ್ ಮಾಡಿ ಹೇಳಬೇಕಾಯಿತು.

ಅದೇ ವಾರ ಗೋನೆಗಂಡ್ಲದಲ್ಲಿ ನಮ್ಮ ಬಳಗದ ಹುಡುಗಿಯ ನಿಶ್ಚಿತಾರ್ಥ. ಎರಡೂ ಕಡೆಯವರನ್ನು ಒಪ್ಪಿಸಿದ ಹಿರಿಯರೆಂದರೆ ಮಾವನೇ. ಹೋಳಿಗೆ ಊಟ ಮುಗಿದು ಮಾತಿಗೆ ಕುಳಿತರು. ಹುಡುಗನ ತಂದೆ "ನಮ್ಮ ಕಡೆಯಿಂದ ಒಪ್ಪಿಗೆ" ಅನ್ನುವುದಕ್ಕೂ ಮಾವನ ಜೇಬು ಅಂಬುಲೆನ್ಸಿನ ಹಾಗೆ ಕೂಗುವುದಕ್ಕೂ ಸರಿಹೋಯಿತು. ಮುದುಕಿಯೊಬ್ಬಳು ಅಪಶಕುನ ಎಂದು ಗೊಣಗಿದಳು. ಹುಡುಗಿಯ ತಾಯಿಯ ಮುಖ ಬಿಳಿಚಿಕೊಂಡಿತು.

ಮಾವ ಅಳುಕಲಿಲ್ಲ. "ಅಪಶಕುನ ಅಲ್ಲವ್ವ. ಹೋಳಿಗಿ ಅಷ್ಟು ಚೊಲೊ ಆಗ್ಯಾವು ಅಂತ ನನ್ನ ತೋಳು ಗಂಟಿ ಬಾರಿಸಾಕತ್ತೈತಿ" ಎಂದು ತೋಳು ಮೇಲೆತ್ತಿ ತೋರಿಸಿದರು. ಎಲ್ಲರೂ ನಕ್ಕರು, ಸಂಬಂಧ ಉಳಿಯಿತು. ಆದರೆ ಅದು ಇನ್ನೊಮ್ಮೆ ಕೂಗೀತೆಂಬ ಭಯಕ್ಕೆ ಮಾವ ಅಂಗಳಕ್ಕೆ ಹೋಗಿ, ಹಿಂದಕ್ಕೂ ಮುಂದಕ್ಕೂ ತಿರುಗಾಡತೊಡಗಿದರು. ಹಾಗೆ ತಿರುಗಾಡುತ್ತಿದ್ದಂತೆ ಗೆರೆ ಬಾಗಿತು. ನನ್ನನ್ನು ಹೊರಗೆ ಕರೆದು, ತೋಡಿದ ಬಾವಿಯಲ್ಲಿ ನೀರು ಕಂಡವರಂತೆ ಫೋನ್ ತೋರಿಸಿದರು. "ಇಳೀತು ನೋಡವ್ವ. ನಡದ್ರ ಇಳೀತೈತಿ."

ಮಾವ ನಡೆಯಲು ಶುರು ಮಾಡಿದ್ದು ಹಾಗೆ. ಉಂಡ ಮೇಲೆ ಓಣಿಯ ತುದಿಯವರೆಗೆ, ಬೆಳಿಗ್ಗೆ ಮಾರುಕಟ್ಟೆಯವರೆಗೆ. ಚೆನ್ನಬಸಪ್ಪ ಸ್ಕೂಟರ್ ಮಾರಿಕೊಂಡಿದ್ದಾನೆ, ವ್ಯಾಪಾರ ಮುಳುಗಿದೆ ಎಂದು ಸುದ್ದಿ ಹಬ್ಬಿತು. ಗಾಬರಿಯಾದ ರೈತರಿಗೆ ಸ್ಕೂಟರ್ ಇದೆಯೆಂದು ನಂಬಿಸಲು, ಅದನ್ನು ಕೈಯಲ್ಲಿ ತಳ್ಳಿಕೊಂಡೇ ಕೆಲವು ದಿನ ಮಾರುಕಟ್ಟೆಗೆ ನಡೆದರು.

ಎರಡು ವಾರ ಕಳೆದು ತಮ್ಮ ಬಿಲ್ಲೆ ಕಿತ್ತ ದಿನ ಮಾವ ಗೆದ್ದ ಪೈಲ್ವಾನನಂತಿದ್ದರು. ಇನ್ನೊಂದು ಬಿಲ್ಲೆ ಉಳಿದಿತ್ತಲ್ಲ, ಅದನ್ನು ಅತ್ತೆಗೆ ಹಾಕಿ ತಮ್ಮ ಗೆರೆಯೇ ಚೆಂದ ಎಂದು ತೋರಿಸುವ ಹಟ ಬಂತು. ಅತ್ತೆ ಬೇಡವೆಂದರೂ ಕೇಳಲಿಲ್ಲ. ನಾನೇ ಅಂಟಿಸಿದೆ.

ಮರುದಿನ ಅತ್ತೆಯ ಗೆರೆ ಏರಿತು. ಏರಿದ್ದು ಇಳಿಯಲಿಲ್ಲ. ಅವರು ಉಪವಾಸವಿದ್ದ ಸೋಮವಾರವೂ ಮೇಲೆಯೇ ನಿಂತಿತ್ತು. ಮಾವ ಮೊದಲು ಫೋನ್ ಕೆಟ್ಟಿದೆ ಎಂದರು, ಆಮೇಲೆ ಬಿಲ್ಲೆ ಕೆಟ್ಟಿದೆ ಎಂದರು, ಆಮೇಲೆ ಅತ್ತೆಯನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಅತ್ತೆಗೆ ಕಾಯಿಲೆ ಬಂದು ಬಹಳ ಕಾಲವಾಗಿದೆ ಎಂದರು. ದಣಿವು, ಬಾಯಾರಿಕೆ ಏನಾದರೂ ಇತ್ತೇ ಎಂದು ಕೇಳಿದಾಗ ಅತ್ತೆ, ಇತ್ತು, ವಯಸ್ಸಾದ ಮೇಲೆ ಎಲ್ಲರಿಗೂ ಇರುತ್ತದಲ್ಲ ಎಂದರು.

ಹೊರಗೆ ಬಂದು ಮಾವ ಬೆಂಚಿನ ಮೇಲೆ ಕುಳಿತರು. ಮೆತ್ತಗೆ ಹೇಳಿದರು. "ನಾ ಬಾರ್ಡರ್‌ನಾಗ ನಿಂತು ಡಂಗುರ ಹೊಡಕೊಂತ ಇದ್ದೆ. ಆಕಿ ದಾಟಿ ಹೋಗಿದ್ಲು. ನಾ ನೋಡ್ಲೇ ಇಲ್ಲವ್ವ."

ಅಂದು ಸಂಜೆ ಮಾವ ತಾವೇ ಎರಡು ತಟ್ಟೆ ಹಾಕಿ, ಅತ್ತೆ ಎದುರಿಗೆ ಕೂಡುವ ತನಕ ತುತ್ತು ಎತ್ತಲಿಲ್ಲ. ಗಂಡನ ಜೊತೆ ಉಣ್ಣಲು ನಾಚಿ ಅತ್ತೆ ಗೋಡೆಯ ಕಡೆ ಮುಖ ಮಾಡಿ ಕುಳಿತರು. ಊಟವಾದ ಮೇಲೆ ನಡೆಯಲು ಕರೆದರೆ ಅದಕ್ಕೂ ನಾಚಿಕೆ. ಮಾವ ಮುಂದೆ ಹೋಗಿ ನಿಲ್ಲುವುದು, ಅತ್ತೆ ಅವರ ಹತ್ತಿರ ಬರದೆ ಹತ್ತು ಹೆಜ್ಜೆ ಹಿಂದೆಯೇ ನಿಲ್ಲುವುದು, ಹೀಗೆಯೇ ಒಂದು ತಿಂಗಳು ನಡೆದರು. ಮಳೆಗಾಲದ ಹೊತ್ತಿಗೆ ಜೊತೆಯಾದರು. ಮಾತ್ರೆಯೂ ನಡಿಗೆಯೂ ಸೇರಿ ಅತ್ತೆಯ ಸಕ್ಕರೆ ಹತೋಟಿಗೆ ಬಂತು, ಮಾವನದು ಬಾರ್ಡರ್‌ನಿಂದ ಹಿಂದಕ್ಕೆ ಸರಿಯಿತು. ಅಡುಗೆ ಕಡಿಮೆಯಾಯಿತು.

ನನಗೆ ಕರ್ನೂಲಿಗೆ ವರ್ಗವಾಯಿತು. ಹೋದ ಬೇಸಿಗೆಯಲ್ಲಿ ಮಾವ ಎದೆನೋವಿನಿಂದ ಒಂದೇ ದಿನದಲ್ಲಿ ಹೋಗಿಬಿಟ್ಟರು. ಮಾತನಾಡಿಸಲು ಬಂದವರೆಲ್ಲ, ಸಿಹಿ ಬಹಳ ತಿನ್ನುತ್ತಿದ್ದರು, ಸಕ್ಕರೆ ಕಾಯಿಲೆಯೇ ಒಯ್ದಿರಬೇಕು ಎಂದು ಮರುಗುತ್ತಿದ್ದರು. ಮೂಲೆಯಲ್ಲಿ ಕುಳಿತಿದ್ದ ಅತ್ತೆ ಪ್ರತಿಯೊಬ್ಬರಿಗೂ ತಲೆಯೆತ್ತಿ ಸ್ಪಷ್ಟವಾಗಿ ಹೇಳುತ್ತಿದ್ದರು.

"ಸಕ್ಕರಿ ಅಲ್ರಿ. ಅವರ ಸಕ್ಕರಿ ಕಡೀತನಕ ನಾರ್ಮಲ್ ಇತ್ತು."