ಕುಂಡದ ತೂಕ

ಮಾಲಿಕಾಕಾ ಅವರ ಬಲಗಿವಿಯ ಹಿಂದೆ ಸದಾ ಗೇಣುದ್ದದ ಬಿದಿರು ಕಡ್ಡಿಯೊಂದು ಸಿಕ್ಕಿಸಿಕೊಂಡಿರುತ್ತಿತ್ತು. ಸಂಕ್ರಾಂತಿಯ ಮರುದಿನ ಬೀದಿಬೀದಿ ತಿರುಗಿ, ಹರಿದ ಗಾಳಿಪಟಗಳನ್ನು ಆಯ್ದು, ಕಾಗದ ಕಿತ್ತೆಸೆದು ಕಡ್ಡಿಗಳನ್ನಷ್ಟೇ ಇಟ್ಟುಕೊಳ್ಳುತ್ತಿದ್ದರು. ಕುಂಡದ ಮಣ್ಣಿಗೆ ಕಡ್ಡಿ ಚುಚ್ಚಿ, ಹೊರತೆಗೆದು, ತುದಿಯನ್ನು ಕೆನ್ನೆಗೆ ಒತ್ತಿ ನೋಡುವರು. ತಣ್ಣಗಿದ್ದರೆ ಆ ದಿನ ಆ ಗಿಡಕ್ಕೆ ನೀರಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲ ಸಲ ನಮ್ಮ ಗೇಟಿನ ಬಳಿ ನಾನು ಕಂಡದ್ದು, ಬೀಗ ತೆಗೆಯಲು ಬರುವಂಥ ಕಡ್ಡಿಯೊಂದನ್ನು ಕಿವಿಗೆ ಸಿಕ್ಕಿಸಿಕೊಂಡು ನಿಂತ ಅಪರಿಚಿತನನ್ನು.

ನಾವು ಆಗ ನಾಸಿಕ್ ರೋಡ್‌ನಲ್ಲಿದ್ದೆವು. ಅವರು ನಮ್ಮ ಕಾಲೊನಿಯ ಹದಿನಾರು ಮನೆಗಳ ಕೈತೋಟ ನೋಡಿಕೊಳ್ಳುತ್ತಿದ್ದ ಮಾಲಿ. ಬೀದರ್ ಕಡೆಯವರು, ಎಲ್ಲರಿಗೂ ಮಾಲಿಕಾಕಾ. ನಾನು ಕಲಬುರಗಿಯವನು, ರೈಲ್ವೆ ಪಾರ್ಸೆಲ್ ಕಚೇರಿಯಲ್ಲಿ ಇಡೀ ನೌಕರಿ ಕಳೆದವನು. ಬಂದ ಗಂಟಿನ ತೂಕ ಚೀಟಿಯಲ್ಲಿ ಬರೆದದ್ದಕ್ಕಿಂತ ಕಡಿಮೆ ಇದ್ದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥವಿತ್ತು: ದಾರಿಯಲ್ಲಿ ಯಾರೋ ಕೈ ಹಾಕಿದ್ದಾರೆ. ಆ ಅಭ್ಯಾಸ ಮನೆಗೂ ಬಂದಿತ್ತು. ಐದಕ್ಕೆ ಏಳುವುದು, ಆರಕ್ಕೆ ಹಾಲಿನವನ ಅಳತೆ ನೋಡುವುದು, ಭಾನುವಾರ ಹೊಸ ಸಿಲಿಂಡರನ್ನು ಕೊಕ್ಕೆ ತಕ್ಕಡಿಗೆ ತೂಗುಹಾಕುವುದು.

ನನ್ನ ಹೆಂಡತಿ ಧಾರವಾಡದವಳು. ಅವಳ ತಾಯಿ ತೀರಿಕೊಂಡ ವರ್ಷ, ತವರಿನ ಅಂಗಳದ ಜಿರೇನಿಯಂ ಗಿಡದಿಂದ ಐದು ಕಡ್ಡಿ ಕಡಿದು ತಂದಿದ್ದಳು. ಕೆಂಪು ಹೂ ಬಿಡುವ ಗಿಡ. ತವರಿನ ಮನೆ ಮಾರಿಯಾಗಿತ್ತು; ತಾಯಿಯ ಕೈಯದೆಂದು ಅವಳ ಬಳಿ ಉಳಿದದ್ದು ಅದೊಂದೇ. ನಾನು ಆ ಕಡ್ಡಿಗಳಿಗಾಗಿ ನಮ್ಮ ಹೊಲದ ಎರೆಮಣ್ಣನ್ನು ಎರಡು ಚೀಲ ತುಂಬಿ ರೈಲಿನಲ್ಲಿ ತಂದೆ. ಅಂಥ ತೊಗರಿ ಬೆಳೆಯುವ ಕಪ್ಪು ಮಣ್ಣು, ಒಂದು ಹೂವಿನ ಗಿಡಕ್ಕೆ ಸಾಲದೇ ಎಂಬ ಜಂಬ ನನ್ನದು.

ಮಾಲಿಕಾಕಾ ಆ ಮಣ್ಣನ್ನು ನೆನೆಸಿ, ಮುಟಗಿಯಲ್ಲಿ ಹಿಂಡಿ, ಮೊಣಕಾಲಿನ ಎತ್ತರದಿಂದ ನೆಲಕ್ಕೆ ಬಿಟ್ಟರು. ಉಂಡೆ ಒಡೆಯಲಿಲ್ಲ.

“ತೊಗರಿಗಿ ಭಾಳ ಚಲೋ ಅದ ರೀ ಸಾಹೇಬ್ರ. ಇದಕ್ಕ ಆಗಂಗಿಲ್ಲ. ಈ ಗಿಡ ಹಸಿವ ತಡೀತದ್ರಿ, ಕಾಲು ತೊಯ್ದ್ರ ಮಾತ್ರ ತಡಿಯಂಗಿಲ್ಲ.”

ಬೀದರಿನವನ ಹೊಟ್ಟೆಕಿಚ್ಚು ಎಂದುಕೊಂಡೆ. “ನಿಮ್ಮ ಕೆಂಪು ಮಣ್ಣಿನ್ಯಾಗ ಏನ್ ಬೆಳೀತದ ಕಾಕಾ?” ಎಂದು ಕೆಣಕಿದೆ.

“ಗಡಿಗಿ ಬೆಳೀತಾವ್ರಿ,” ಎಂದು ಗಂಭೀರವಾಗಿ ಹೇಳಿ, ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಹೋದರು.

ನನ್ನ ಹಟಕ್ಕೆ ಐದೂ ಕಡ್ಡಿಗಳನ್ನು ಎರೆಮಣ್ಣಿನಲ್ಲೇ ನೆಟ್ಟದ್ದಾಯಿತು. ಎರಡು ಮಳೆಗಾಲಗಳಲ್ಲಿ ನಾಲ್ಕು ಗಿಡ ಬುಡದಿಂದ ಕಪ್ಪಾಗಿ ಕೊಳೆತವು. ನನಗೆ ಮಣ್ಣಿನ ಮೇಲೆ ಅನುಮಾನ ಬರಲಿಲ್ಲ, ಮಾಲಿಯ ಮೇಲೆ ಬಂತು. ತಾನು ಬೇಡವೆಂದ ಮಣ್ಣಿನಲ್ಲಿ ಗಿಡ ಬದುಕಬಾರದೆಂದು ಏನಾದರೂ ಮಾಡುತ್ತಿದ್ದಾನೆಯೇ? ಉಳಿದ ಒಂದು ಕುಂಡವನ್ನು ಪ್ರತಿ ಭಾನುವಾರ ತಕ್ಕಡಿಗೆ ತೂಗುಹಾಕಿ ತೂಕ ಬರೆದಿಡತೊಡಗಿದೆ. ಹನ್ನೊಂದು ಕಿಲೋದ ಆಚೀಚೆ ಇರುತ್ತಿತ್ತು. ಮೂರನೆಯ ಮಳೆಗಾಲದ ಒಂದು ಭಾನುವಾರ, ಹಿಂದಿನ ದಿನವಷ್ಟೇ ಜೋರು ಮಳೆ ಬಿದ್ದಿದ್ದರೂ, ಮುಳ್ಳು ಎಂಟಕ್ಕೆ ನಿಂತಿತು. ಮೇಲ್ಗಡೆ ಮಣ್ಣು ಕಪ್ಪಗೇ ಇತ್ತು, ಅಂಚಿನವರೆಗೂ ಇತ್ತು. ಮೆಟ್ಟಿಲ ಕೆಳಗಿಟ್ಟಿದ್ದ ಚೀಲ ನೋಡಿದೆ. ಅದೂ ಇಳಿದಿತ್ತು.

ಕಾಲೊನಿಯನ್ನು ಒಂದು ಸುತ್ತು ಹಾಕಿದೆ. ಕೆಳಗಿನ ಮನೆಯವರ ತುಳಸಿ ಕಟ್ಟೆಯಲ್ಲಿ ನಮ್ಮ ಎರೆಮಣ್ಣು! ಮಾಲಿಕಾಕಾ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದರು. ನಾಲ್ಕಾರು ಜನ ಸುತ್ತ ನಿಂತಿದ್ದರು.

“ನನ್ನ ಮಣ್ಣು ಎಲ್ಲಿ ಹೋತು ಕಾಕಾ?”

“ತುಳಸಿಗಿ ಹಾಕೀನ್ರಿ. ಅದಕ್ಕ ಒಗ್ತದ.”

“ಯಾರನ್ನ ಕೇಳಿ ತಗದ್ರಿ?”

ಅವರು ತಲೆಯೆತ್ತಿ ನಮ್ಮ ಗ್ಯಾಲರಿಯ ಕಡೆ ನೋಡಿದರು. ಅಲ್ಲಿ ನನ್ನ ಹೆಂಡತಿ ನಿಂತಿದ್ದಳು. ಮತ್ತೆ ನೆಲ ನೋಡಿದರು.

“ಯಾರಿಗೂ ಕೇಳಿಲ್ರಿ.”

“ಇವತ್ತು ಮಣ್ಣು, ನಾಳೆ ಏನು?” ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಕಾಲೊನಿಯ ಕಾರ್ಯದರ್ಶಿಗೆ ಅಷ್ಟೇ ಸಾಕಾಯಿತು. “ಉದ್ಯಾಪಾಸೂನ್ ಯೇಊ ನಕಾ,” ನಾಳೆಯಿಂದ ಬರಬೇಡಿ, ಎಂದುಬಿಟ್ಟರು. ಮಾಲಿಕಾಕಾ ಮಣ್ಣು ಕೆದಕುವ ಖುರ್ಪಿ ಒರೆಸಿ ಚೀಲಕ್ಕೆ ಹಾಕಿಕೊಂಡು ಗೇಟು ದಾಟಿದರು. ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ಅನುಮಾನ ಅಲ್ಲಿಗೂ ನಿಲ್ಲಲಿಲ್ಲ. ಮೂರು ಕಿಲೋ ಮಣ್ಣು ತೆಗೆದ ಮೇಲೂ ಕುಂಡ ಅಂಚಿನವರೆಗೆ ಹೇಗೆ ತುಂಬಿದೆ? ಒಳಗೆ ಯಾವ ಕಸ ತುರುಕಿದ್ದಾನೆ? ನಾಲ್ಕನೆಯ ದಿನ ಗ್ಯಾಲರಿಯಲ್ಲಿ ಹಳೆಯ ಪತ್ರಿಕೆ ಹಾಸಿ, ಕುಂಡವನ್ನು ಮೆಲ್ಲಗೆ ಬೋರಲು ಹಾಕಿದೆ.

ಮೇಲೆ ಎರಡು ಬೆರಳು ದಪ್ಪ ನಮ್ಮ ಎರೆಮಣ್ಣು. ಅದರ ಕೆಳಗೆ ಮುರುಮ್, ಅಂದರೆ ರಸ್ತೆಗೆ ಹಾಸುವ ಗರಸು ಮಣ್ಣು. ಜೊತೆಗೆ ಮರಳು, ಕೊಳೆತ ಎಲೆಯ ಗೊಬ್ಬರ. ತಳದಲ್ಲಿ ಇಟ್ಟಂಗಿ ಚೂರು. ಇವುಗಳ ನಡುವೆ ಹೊಸ ಬೇರು ಬೆಳ್ಳಗೆ, ದಾರದಂತೆ ಹಬ್ಬತೊಡಗಿತ್ತು. ಕೊಳೆತ ನಾಲ್ಕು ಗಿಡಗಳ ಬೇರು ನಾನು ನೋಡಿದ್ದೆ. ಅವು ಮುಟ್ಟಿದರೆ ಜಾರುತ್ತಿದ್ದವು.

ಹೆಂಡತಿ ಹಿಂದೆ ಬಂದು ನಿಂತಿದ್ದಳು. “ನಾನ ಹೇಳಿ ಮಾಡಿಸೇನಿ. ನಿಮಗ ಹೇಳಿದ್ರ ಒಪ್ಪತಿದ್ರೇನು? ಮ್ಯಾಲ ಕರೇ ಮಣ್ಣು ಹಾಸ್ರಿ, ಅವರಿಗೆ ಗೊತ್ತಾಗೂದಿಲ್ಲ ಅಂತ ಅಂದಾಕಿನೂ ನಾನ. ಉಳಿದದ್ದು ತುಳಸಿಗೆ ಹಾಕ್ರಿ ಅಂದಾಕಿನೂ ನಾನ.”

“ಅವತ್ತ ಯಾಕ ಬಾಯಿ ಬಿಡಲಿಲ್ಲ?”

“ನಿಮ್ಮ ಮಾರಿ ನೋಡಿ ಅಂಜಿದೆ. ಕಾಕಾ ಅಂಜಲಿಲ್ಲ.”

ಕಾಕಾ ಅವರ ಬಾಡಿಗೆ ಕೋಣೆ ಕಾರ್ಖಾನೆಗಳಿರುವ ಅಂಬಡ್‌ನಲ್ಲಿತ್ತು. ಮರುದಿನವೇ ಬಸ್ಸು ಹಿಡಿದು ಹೋದೆ. ಒಂದು ಕಾರ್ಖಾನೆಯ ಗೇಟಿನ ಬಳಿ ಮಣ್ಣು ಕಲೆಸುತ್ತಿದ್ದರು. ನನ್ನ ಕೈಚೀಲದ ಕಡೆ ಮೊದಲು ನೋಡಿದರು, ಆಮೇಲೆ ಮುಖ. ಈಗ ಅನುಮಾನಪಡುವ ಸರದಿ ಅವರದು.

“ತಪ್ಪಾತು ಕಾಕಾ. ಕುಂಡ ತೂಗೂದು ಇನ್ ಬಿಟ್ಟೆ.”

“ಬಿಡಬ್ಯಾಡ್ರಿ,” ಎಂದರು. “ತೂಗ್ರಿ. ಭಾರ ಇತ್ತಂದ್ರ ನೀರು ನಿಂತದ ಅಂತ ತಿಳ್ಕೋರಿ. ಹಗೂರ ಆತಂದ್ರ ನೀರು ಹಾಕ್ರಿ. ನನ್ನ ಕಡ್ಡಿಗಿಂತ ನಿಮ್ಮ ತಕ್ಕಡಿ ಚಲೋ ಅದ.” ಕಲೆಸುತ್ತಲೇ ಹದ ಹೇಳಿಕೊಟ್ಟರು: ಎರಡು ಪಾಲು ಮುರುಮ್, ಒಂದು ಪಾಲು ಮರಳು, ಒಂದು ಪಾಲು ಎಲೆಗೊಬ್ಬರ. “ನಿಮ್ಮ ಎರಿಮಣ್ಣು ಬೇಕಂದ್ರ ಒಂದ್ ಚೂರು, ಪ್ರಸಾದದ್ಹಂಗ.”

ನಾನು ಉಳಿದ ಹದಿನೈದು ಮನೆಗಳಿಗೂ ಹೋಗಿ ತಪ್ಪು ನನ್ನದೆಂದು ಹೇಳಿದೆ. ಕಾರ್ಯದರ್ಶಿ ಒಪ್ಪಿದರು, ನಮ್ಮದೂ ಸೇರಿ ಏಳು ಮನೆಯವರು ಮಾಲಿಕಾಕಾ ಅವರನ್ನು ಮತ್ತೆ ಕರೆದರು. ಒಂಬತ್ತು ಮನೆಯವರು ತಲೆಯಾಡಿಸಿ ಕೇಳಿಸಿಕೊಂಡರು, ಗೇಟು ತೆರೆಯಲಿಲ್ಲ. ಕಾಕಾ ಬಂದ ದಿನ ಒಣಗಲು ಹಾಕಿದ ಬಟ್ಟೆಯನ್ನು ಒಳಗೆ ತೆಗೆದುಕೊಳ್ಳುತ್ತಿದ್ದರು. ನಾನು ಒಂದು ಗಳಿಗೆಯಲ್ಲಿ ಹುಟ್ಟಿಸಿದ ಅನುಮಾನವನ್ನು, ನಿವೃತ್ತಿಯಾಗುವವರೆಗೆ ಎಷ್ಟು ಪ್ರಯತ್ನಿಸಿದರೂ ತೆಗೆಯಲಾಗಲಿಲ್ಲ. ಮಾಲಿಕಾಕಾ ಆ ಒಂಬತ್ತು ಗೇಟುಗಳ ಮುಂದೆ ಹಾದುಹೋಗುವಾಗ ನಡಿಗೆ ಚುರುಕು ಮಾಡುತ್ತಿದ್ದರು.

ನಿವೃತ್ತಿಯ ನಂತರ ಮಗಳು ಇರುವ ಔರಂಗಾಬಾದಿಗೆ, ಈಗಿನ ಸಂಭಾಜಿನಗರಕ್ಕೆ, ಬಂದೆವು. ಕುಂಡವನ್ನು ಯೇವಲಾ ಊರಿನ ಮೇಲೆ ಹಾದುಬರುವ ದಾರಿಯುದ್ದಕ್ಕೂ ಹೆಂಡತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಇಲ್ಲಿ ಮಣ್ಣು ಮಾರುವವರು ಚೀಲ ತೋರಿಸಿ ಹೊಗಳಿದಾಗ, ನಾನು ಒಂದು ಮುಟಗಿ ಹಿಂಡಿ ಮೊಣಕಾಲಿನಿಂದ ಬಿಡುತ್ತೇನೆ. ಒಡೆಯದಿದ್ದರೆ ಕೊಳ್ಳುವುದಿಲ್ಲ.

ಮಳೆಗಾಲವೊಂದರಲ್ಲಿ ಮಾಲಿಕಾಕಾ ತೀರಿಕೊಂಡರು. ನಮಗೆ ತಿಳಿದಾಗ ತಿಂಗಳಾಗಿತ್ತು. ಚಳಿ ಶುರುವಾದ ಮೇಲೆ ಜಿರೇನಿಯಂ ಗಿಡದಿಂದ ಒಂಬತ್ತು ಕಡ್ಡಿ ಕಡಿದು, ಅವರ ಹದದ ಮಣ್ಣಿನಲ್ಲಿ ನೆಟ್ಟೆ. ಬೇರು ಬಿಟ್ಟ ಮೇಲೆ ಒಂಬತ್ತು ಸಣ್ಣ ಕುಂಡಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ನಾಸಿಕ್ ರೋಡಿಗೆ ಹೋದೆ. ಗೇಟು ತೆರೆಯದ ಆ ಒಂಬತ್ತು ಮನೆಗಳ ಪ್ರತಿ ಬಾಗಿಲಲ್ಲೂ ಒಂದೇ ಮಾತು ಹೇಳಿದೆ: “ಮಾಲಿಕಾಕಾ ಬದುಕಿಸಿದ ಗಿಡದ ಕಡ್ಡಿ.”

ಆರು ಮನೆಯವರು ತೆಗೆದುಕೊಂಡರು. ಮೂರು ಕುಂಡಗಳನ್ನು ವಾಪಸು ತಂದೆ. ಭಾನುವಾರ ಆರಕ್ಕೆ ಅವನ್ನೂ ತೂಗುತ್ತೇನೆ.