ಕಾಯಲು ಒಲ್ಲದ ಇಮಾಮಸಾಬ ಮತ್ತು ಉಟಗಿ ಶಾಲೆಯ ಕಪ್ಪು ಪರದೆಗಳು

ಗಡಿಯಾಚೆಯ ಜತ್ತದ ಎಸ್‌ಟಿ ಬಸ್ ನಿಲ್ದಾಣದ ಎದುರಿಗೆ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಇಮಾಮಸಾಬನಿಗೆ ಸಿಟ್ಟು ಬರುತ್ತಿತ್ತು ಎಂದರೆ ತಪ್ಪಾದೀತು. ಸಿಟ್ಟು ಅವನಲ್ಲೇ ಬಿಡಾರ ಹೂಡಿತ್ತು. ಚಹಾ ಕುಡಿಯಲು ಮಾತ್ರ ಆಗೀಗ ಹೊರಗೆ ಹೋಗಿಬರುತ್ತಿತ್ತು. ತೊಂಬತ್ತರ ಆ ವರ್ಷಗಳಲ್ಲಿ ಕನ್ನಡದ ಕಾರ್ಯಕ್ರಮ ಬೇಕಾದರೆ ಆಂಟೆನಾವನ್ನು ಪೂರ್ವಕ್ಕೆ ತಿರುಗಿಸಬೇಕು, ಮರಾಠಿ ಬೇಕಾದರೆ ಪಶ್ಚಿಮಕ್ಕೆ. ಇಮಾಮಸಾಬ ಮಾಳಿಗೆ ಹತ್ತಿ ಒಮ್ಮೆ ಬೈದರೆ ಸಾಕು, ಆಂಟೆನಾ ತಾನಾಗಿಯೇ ತಿರುಗಿ ನಿಲ್ಲುತ್ತದೆ, ಪಕ್ಕದ ಮನೆಯದೂ ಹೆದರಿ ಅರ್ಧ ತಿರುಗುತ್ತದೆ ಎಂದು ಯಳವಿ ಹಳ್ಳಿಯ ಜನ ಆಣೆ ಮಾಡಿ ಹೇಳುತ್ತಿದ್ದರು.

ಅವನ ಸಿಟ್ಟುಗಳಲ್ಲೆಲ್ಲ ಹಿರಿಯ ಸಿಟ್ಟು ಕಾಯುವುದರ ಮೇಲೆ. ಟ್ಯಾಂಕರ್ ನೀರಿಗೆ ಕಾಯಬೇಕು, ಕಚೇರಿಯ ಸಾಹೇಬನಿಗೆ ಕಾಯಬೇಕು. ಉಟಗಿ ಹಳ್ಳಿಯ ಬಸ್ಸಿಗಂತೂ ಕೇಳುವುದೇ ಬೇಡ: ನುಣ್ಣಗೆ ಗಡ್ಡ ಬೋಳಿಸಿಕೊಂಡು ನಿಲ್ದಾಣಕ್ಕೆ ಬಂದವನು ಬಸ್ಸು ಹತ್ತುವ ಹೊತ್ತಿಗೆ ಹಾಜಿಯಂತೆ ಕಾಣುತ್ತಿದ್ದ. ಅಂಗಡಿಯಲ್ಲಿ ಕೂತು ಇದನ್ನೆಲ್ಲ ನೋಡಿ ನೋಡಿ ಇಮಾಮಸಾಬನ ಹಲ್ಲುಗಳು ಕಡಿದು ಕಡಿದೇ ಸವೆದಿದ್ದವು.

ಎರಡು ಸಾವಿರದ ಏಳರ ಮಳೆಗಾಲ. ಇಮಾಮಸಾಬನ ಮಗಳು ಅಲ್ಮಾಸ ಸಾಂಗಲಿಯಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ ಉಟಗಿಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಯಾವುದೋ ಸಂಸ್ಥೆ ಆ ಶಾಲೆಗೆ ಒಂದಷ್ಟು ಕಂಪ್ಯೂಟರು ದಾನ ಕೊಟ್ಟಿತ್ತು. ಚಪ್ಪಟೆ ಪರದೆ, ಅದರ ಬೆನ್ನಿಗೇ ಅಂಟಿದ ಯಂತ್ರ. ನೋಡಿಕೊಳ್ಳುವ ಗುತ್ತಿಗೆ ಒಂದು ಕಂಪನಿಯದು. ಆ ಕಂಪನಿಯ ಮನುಷ್ಯ ಒಂದು ದಿನ ಬಂದು, ಸುಧಾರಣೆ ಎಂದು ಹೇಳಿ, ಎಲ್ಲ ಯಂತ್ರಗಳ ಒಳಗಿನ ‘ಚಿಪ್’ ಎಂಬ ಬಿಲ್ಲೆಗೂ ಏನನ್ನೋ ತುಂಬಿ ಹೋದ. ಮರುದಿನ ಗುಂಡಿ ಒತ್ತಿದರೆ ಅಷ್ಟೂ ಪರದೆಗಳು ಕಪ್ಪು, ಕರಿ ಕಂಬಳಿ ಹೊದಿಸಿದ ಹಾಗೆ.

ಕಂಪನಿಗೆ ಫೋನು ಹಚ್ಚಿದರೆ, ಯಂತ್ರಗಳು ಸತ್ತಿವೆ, ದೀಪಾವಳಿ ರಜೆಯಾದ ಮೇಲೆ ಗುಜರಿಗೆ ಒಯ್ಯುತ್ತೇವೆ, ಹೊಸವು ಬೇಕಾದರೆ ಮತ್ತೆ ಪಾಳಿ ಹಚ್ಚಿ ಕಾಯಿರಿ ಎಂದರು. ಮುಖ್ಯೋಪಾಧ್ಯಾಯ ಶ್ರೀಶೈಲಪ್ಪ ಅಂಗಡಿಗೆ ಬಂದು ಈ ಸುದ್ದಿ ಹೇಳಿದಾಗ ಇಮಾಮಸಾಬನ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ಕರೆಂಟಿಲ್ಲದೆಯೇ ಕೆಂಪಗಾಯಿತು.

“ಸತ್ತಾವಂತ? ಸತ್ತ ಹೆಣ ಟುಂಯ್ ಅಂತದೇನ್ರಿ ಮಾಸ್ತರ? ಗುಂಡಿ ಒತ್ತಿದ್ರ ಕೂಗತೈತಿ, ಒಳಗ ಪಂಖಾ ತಿರಗತೈತಿ ಅಂತ ಅಲ್ಮಾಸ ಹೇಳ್ಯಾಳ. ಜೀವ ಗಟ್ಟಿ ಐತ್ರಿ, ಮಾರಿ ಅಷ್ಟ ಕಾಣವಲ್ದು.”

“ನಿಮಗ ಬೆಳಗಿಸಾಕ ಬರತದೇನ್ರಿ ಇಮಾಮಸಾಬ್ರ?”

“ಬೆಳಗಸ್ತೀನ್ರಿ. ಗುಜರಿ ಗಾಡಿ ಬರೂದರಾಗ ಎಲ್ಲಾ ಬೆಳಗಸ್ತೀನಿ.”

ನಿಲ್ದಾಣದಲ್ಲಿ ನಿಂತಿದ್ದ ಮೂರು ಬಸ್ಸಿನ ಮಂದಿ ಈ ಮಾತು ಕೇಳಿದರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ರೋಗವೇನೆಂದು ಅಲ್ಮಾಸ ಬಿಡಿಸಿ ಹೇಳಿದಳು. ಯಂತ್ರ ಎಚ್ಚರವಾದಾಗ ಎಲ್ಲಕ್ಕಿಂತ ಮೊದಲು ಏಳುವುದು ಒಂದು ಸಣ್ಣ ಚಿಪ್ಪಿನೊಳಗಿನ ಪ್ರೋಗ್ರಾಮು. ಪರದೆ ಬೆಳಗಿಸುವ ತುಣುಕೊಂದು ಅದರೊಳಗೇ ಇದೆ, ಆದರೆ ಅದು ಕಂಪನಿಯ ಸ್ವತ್ತು. ಒಳಗೇನಿದೆ ಎಂದು ಯಾರೂ ನೋಡುವಂತಿಲ್ಲ. ಕಂಪನಿಯವನು ಬೇರೆ ಬಗೆಯ ಪರದೆಗೆ ಬರೆದ ತುಣುಕನ್ನು ಇದಕ್ಕೆ ತುಂಬಿ ಹೋಗಿದ್ದಾನೆ.

“ಅಂದ್ರ ನಮ್ಮ ಮನಿ ದೀಪಾ ಹಚ್ಚಾಕ ಅವ ಬರಬೇಕೇನು?”

“ಹೌದ ಅಬ್ಬಾ.”

“ಕಡ್ಡಿಪೆಟ್ಟಿಗಿ ಅವನ ಕಿಸೆದಾಗ?”

“ಕಿಸೆದಾಗ ಅಷ್ಟ ಅಲ್ಲ, ಕಿಸೆಕ್ಕ ಕೀಲಿ.”

ಆ ದಿನ ಇಮಾಮಸಾಬ ಊಟ ಮಾಡಲಿಲ್ಲ. ಅಷ್ಟು ಸಿಟ್ಟು ತುಂಬಿದ ಹೊಟ್ಟೆಯಲ್ಲಿ ರೊಟ್ಟಿಗೆ ಜಾಗವೆಲ್ಲಿ?

ಮರುದಿನ ಅಲ್ಮಾಸ ಜತ್ತದ ಇಂಟರ್ನೆಟ್ ಅಂಗಡಿಯಿಂದ ಒಂದು ಸಿ.ಡಿ. ತಂದಳು. ದೇಶ ದೇಶಗಳ ಜನ ಸೇರಿ ಆ ಚಿಪ್ಪಿನ ಪ್ರೋಗ್ರಾಮನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದರು; ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದನ್ನು ಹೊಂದಿಸುವಾಗ ಅದೇ ಕೇಳುತ್ತದೆ: ಪರದೆಯನ್ನು ಹೇಗೆ ಬೆಳಗಿಸಲಿ? ಕಂಪನಿಯ ಮುಚ್ಚಿದ ತುಣುಕು ಓಡಿಸಲೇ, ಬೆಳಗಿಸದೆ ಬಿಡಲೇ, ಇಲ್ಲಾ ನಾನೇ ಸ್ವಂತ ಬೆಳಗಿಸಲೇ?

“ಸ್ವಂತ,” ಎಂದ ಇಮಾಮಸಾಬ, ಅವಳು ಓದಿ ಮುಗಿಸುವ ಮೊದಲೇ.

ಸ್ವಂತ ಎಂದರೆ ಪರದೆಯ ಕುಲಗೋತ್ರವನ್ನೆಲ್ಲ ತಾವೇ ಹೇಳಬೇಕು. ಅಗಲ ಎಷ್ಟು, ಎತ್ತರ ಎಷ್ಟು, ಗೆರೆಗಳು ಯಾವ ಗತಿಯಲ್ಲಿ ಬೀಳಬೇಕು. ಅದೆಲ್ಲ ಪರದೆಯ ಬೆನ್ನಿಗಿರುವ ಚೀಟಿಯಿಂದ ಗೊತ್ತಾಗಬೇಕು, ಬೆನ್ನು ಕಾಣಬೇಕಾದರೆ ಡಬ್ಬಿ ಬಿಚ್ಚಬೇಕು. ಶಾಲೆಗೆ ಹೋಗಿ ನೋಡಿದರೆ, ಪಕ್ಕೆಯಲ್ಲಿ ಬಿಚ್ಚುವ ಕಡೆ ಕಂಪನಿಯ ಬೆಳ್ಳಿ ಬಣ್ಣದ ಸೀಲು ಅಂಟಿಸಿತ್ತು. ಇಮಾಮಸಾಬ ಅದನ್ನು ಉಗುರಿನಿಂದ ಪರ್ರನೆ ಹರಿದ. ಶ್ರೀಶೈಲಪ್ಪನಿಗೆ ತನ್ನ ಅಂಗಿಯೇ ಹರಿದಂತಾಯಿತು.

“ಅಯ್ಯ, ಒಂದರದ್ದ ಹರೀರಿ, ಉಳದದ್ದ ಬಿಡ್ರಿ!”

“ಉಳದಾವ ಏನ್ ಪಾಪಾ ಮಾಡ್ಯಾವ್ರಿ?” ಎನ್ನುತ್ತಲೇ ಇಮಾಮಸಾಬ ಸಾಲಾಗಿ ಎಲ್ಲವನ್ನೂ ಹರಿದುಬಿಟ್ಟ.

ಒಂದು ಯಂತ್ರವನ್ನು ಅಂಗಡಿಗೆ ತಂದಿಟ್ಟುಕೊಂಡು ಅಲ್ಮಾಸ ಒಂದೊಂದೇ ಸಂಖ್ಯೆ ತುಂಬುತ್ತ ಬಂದಳು. “ಅಬ್ಬಾ, ಪರದೆಕ್ಕ ಕರೆಂಟ್ ಕೊಟ್ಟ ಮ್ಯಾಲ ಎಷ್ಟೊತ್ತು ತಡೀಬೇಕಂತ ಕೇಳತದ.”

“ಸೊನ್ನಿ ಹಾಕು.”

“ಚಿತ್ರಾ ಕಳಿಸಿದ ಮ್ಯಾಲ ಪರದೆ ಹಿಂದಿನ ದೀಪಾ ಹತ್ತಾಕ ಎಷ್ಟೊತ್ತು?”

“ಅದಕ್ಕೂ ಸೊನ್ನಿ! ನೀರಿಗೆ ಕಾದೀವಿ, ಬಸ್ಸಿಗೆ ಕಾದೀವಿ, ಸಾಹೇಬ್ರ ಬಾಗಲದಾಗ ಕಾದ ಕಾದ ನಮ್ಮ ಅಜ್ಜಗಳ ಆಯುಷ್ಯ ಮುಗದಾವು. ಇನ್ನ ಒಂದು ಡಬ್ಬಿ ಮುಂದ ಕೈ ಕಟ್ಟಿ ನಿಂದರಬೇಕೇನು? ಕಾಯೂದಿಲ್ಲಂತ ಬರಿ.”

ಅವಳು ಸೊನ್ನೆ ಬರೆದಳು. ಇಮಾಮಸಾಬ ಚಿಪ್ಪಿನ ಅಡಿಯಲ್ಲಿ ಹೊಲಿಗೆಯ ದಾರ ತೂರಿಸಿ, ಹಲ್ಲು ಕಿತ್ತ ಹಾಗೆ ಅದನ್ನು ಮೇಲೆತ್ತಿ, ಹೊಸ ಪ್ರೋಗ್ರಾಮು ತುಂಬಿ ಮತ್ತೆ ಕೂರಿಸಿದ. ಗುಂಡಿ ಒತ್ತಿದರೆ ಪರದೆ ಒಮ್ಮೆ ಬೆಳ್ಳಗೆ ಮಿಂಚಿ ಮತ್ತೆ ಕಪ್ಪಾಯಿತು. ಯಂತ್ರದ ಹಿಂದಿನ ಕಿಂಡಿಯಿಂದ ಅಂಗಡಿಯ ಹಳೆಯ ಕಂಪ್ಯೂಟರಿಗೆ ಒಂದು ವಾಯರು ಎಳೆದು ನೋಡಿದರೆ, ಒಳಗಿನ ಪ್ರೋಗ್ರಾಮು ಪರದೆ ಬೆಳಗಿಸಿದ್ದೇನೆ ಎಂದು ವರದಿ ಒಪ್ಪಿಸುತ್ತಿತ್ತು.

“ಸುಳ್ಳ ಹೇಳತೈತಿ!” ಎಂದು ಇಮಾಮಸಾಬ ಕೂಗಿದ ರಭಸಕ್ಕೆ ನಿಲ್ದಾಣದಲ್ಲಿದ್ದ ಬಸ್ಸೊಂದು ಹೊತ್ತಿಗೆ ಸರಿಯಾಗಿ ಹೊರಟಿತಂತೆ.

ಇದೇ ಪಾಡು ಮಳೆಗಾಲ ಮುಗಿಯುವವರೆಗೆ ನಡೆಯಿತು. ಅಲ್ಮಾಸ ಆ ಪ್ರೋಗ್ರಾಮು ಬರೆದವರನ್ನು ಇ-ಮೇಲಿನಲ್ಲಿ ಕೇಳಿದಳು. ಎಲ್ಲಿಯವನೋ ಒಬ್ಬ ಪುಣ್ಯಾತ್ಮ ಉತ್ತರ ಕಳಿಸಿದ: ಪರದೆಗೆ ತಡೆಯುವ ಹೊತ್ತು ಕೊಟ್ಟಿದ್ದೀರಾ? ಇಮಾಮಸಾಬ ಉರಿದುಬಿದ್ದ. “ಸಾತ ಸಮುದ್ರದ ಆಚೀಕಡೆ ಕುಂತಾವನೂ ನಮಗ ಕಾಯ್ರಿ ಅಂತಾನ!” ಅಂದಿನಿಂದ ಅವನು ಡಬ್ಬಿಯ ಜೊತೆ ಮಾತು ಬಿಟ್ಟ. ದೀಪಾವಳಿ ಬಂತು. ಗುಜರಿಯ ಟೆಂಪೋ ರಜೆ ಮುಗಿದ ಸೋಮವಾರ ಬರುತ್ತದೆ ಎಂದು ಶ್ರೀಶೈಲಪ್ಪ ಹೇಳಿಕಳಿಸಿದ.

ಆ ವಾರ ದರಿಬಡಚಿಯ ಚನ್ನವ್ವ ಎಂಬಾಕೆ ತನ್ನ ಮುದಿ ಟಿವಿಯನ್ನು ಜೀಪಿನ ಮೇಲೆ ಹೇರಿಕೊಂಡು ಅಂಗಡಿಗೆ ಬಂದಳು. ಇಮಾಮಸಾಬನ ಹೆಂಡತಿ ಸಾಬೇರಾ ಬುತ್ತಿ ತಂದವಳು ಅಲ್ಲೇ ಕೂತಿದ್ದಳು. ಟಿವಿ ಹಚ್ಚಿದ ಕೂಡಲೇ ಚನ್ನವ್ವ ಗಲಾಟೆ ತೆಗೆದಳು. “ಏನೂ ಕಾಣವಲ್ದಲ್ಲೋ ಇಮಾಮ!”

“ತಡಿಯವ್ವಾ, ಟ್ಯೂಬ ಬೆಚ್ಚಗಾಗಲಿ. ನಿದ್ದಿಗಣ್ಣಾಗ ಎಬ್ಬಿಸಿ ಹಾಡಂದ್ರ ನೀನರೆ ಹಾಡ್ತೀಯೇನು?”

ಚಿತ್ರ ಬಂತು. ಚನ್ನವ್ವ ಹೋದಳು. ಸಾಬೇರಾ ಬುತ್ತಿಯ ಗಂಟು ಬಿಚ್ಚುತ್ತ ಹೇಳಿದಳು: “ಏನ್ರಿ, ಇಪ್ಪತ್ತ ವರ್ಷ ಗಿರಾಕಿಗಿ ತಡೀರಿ ತಡೀರಿ ಅಂದ್ರಿ. ಸಾಲಿ ಡಬ್ಬಿ ಒಂದ ಏನ್ ಪಾಪಾ ಮಾಡೇತಿ? ಅದಕ್ಕೂ ಒಂದ್ ಗಳಿಗಿ ಕೊಡ್ರಿ.”

“ಟಿವಿ ಮಾತ ಬ್ಯಾರೆ.”

“ಹೌದ್ರಿ, ಟಿವಿ ಗಿರಾಕಿದು. ಡಬ್ಬಿ ನಿಮ್ಮ ಹಟದ್ದು.”

ಇಮಾಮಸಾಬ ರೊಟ್ಟಿಯನ್ನು ಶತ್ರುವಿನಂತೆ ಅಗಿದು ನುಂಗಿದ. ಆಮೇಲೆ ಯಾರ ಮುಖವನ್ನೂ ನೋಡದೆ, “ಅಲ್ಮಾಸ, ಅವ ಎಷ್ಟ ತಡಿ ಅಂತಾನ ಅಷ್ಟ ಹಾಕು” ಎಂದ. ಮೊದಲು ಕರೆಂಟು, ತುಸು ತಡೆದು ಚಿತ್ರ, ಮತ್ತೆ ತುಸು ತಡೆದು ಕಟ್ಟಕಡೆಗೆ ದೀಪ. ಎಲ್ಲ ಸೇರಿದರೂ ಒಂದು ಸೀನು ಬಂದು ಹೋಗುವಷ್ಟು ಹೊತ್ತಿಲ್ಲ. ಗುಂಡಿ ಒತ್ತಿದರು. ಹಿಂದೆ ಕಂಪನಿಯ ಗುರುತು ಮೆರೆಯುತ್ತಿದ್ದ ಜಾಗದಲ್ಲಿ ಅಲ್ಮಾಸ ಬರೆದಿಟ್ಟಿದ್ದ ಚಿತ್ರ ಮೂಡಿತು: ಉಟಗಿಯ ಶಾಲೆ, ಮೇಲೆ ಅದರ ಹೆಸರು, ಕನ್ನಡದಲ್ಲಿ. ಇಮಾಮಸಾಬನಿಗೆ ಬೈಯಲು ಯಾರೂ ಸಿಗದೆ ಕಣ್ಣಲ್ಲಿ ನೀರು ಬಂತು. ಧೂಳು ಎಂದು ಧೂಳಿಗೆ ಬೈದ.

ಸೋಮವಾರ ಅವನು ಈದ್ ಹಬ್ಬದ ಅಂಗಿ ತೊಟ್ಟು ಶಾಲೆಯಲ್ಲಿ ಕಾದು ನಿಂತ. ಅದೇ ಪ್ರೋಗ್ರಾಮು ತುಂಬಿದ ಎಲ್ಲ ಯಂತ್ರಗಳೂ ಸಾಲಾಗಿ ಬೆಳಗುತ್ತಿದ್ದವು. ಆ ಬೆಳಕಿಗೆ ಹೊರಗಿನ ಕುರಿಗಳು ಸೂರ್ಯ ಎರಡಾದನೆಂದು ಗಲಿಬಿಲಿಗೊಂಡಿದ್ದವು. ಕಂಪನಿಯ ಮನುಷ್ಯ ಟೆಂಪೋ ಇಳಿದು ಒಳಗೆ ಬಂದ. ಪರದೆಯ ಕಡೆ ಕತ್ತು ಹೊರಳಿಸಲಿಲ್ಲ. ನೇರ ಬಗ್ಗಿ ಪಕ್ಕೆಗಳನ್ನು ನೋಡಿದ.

“ಸೀಲು ಯಾರು ಹರಿದದ್ದು?” ಎಂದು ಮರಾಠಿಯಲ್ಲಿ ಕೇಳಿದ.

“ನಾ ಹರದೀನಿ,” ಎಂದ ಇಮಾಮಸಾಬ, ಬೇಕೆಂದೇ ಕನ್ನಡದಲ್ಲಿ.

ಹಾಗಾದರೆ ಇವು ನಮಗೆ ಬೇಡ, ಸೀಲು ಹರಿದ ಮಾಲನ್ನು ಕಂಪನಿ ಮುಟ್ಟುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಆತ ಬಾಗಿಲ ಕಡೆ ತಿರುಗಿದ.

“ಏ ಸಾಹೇಬ, ಪರದೆ ನೋಡ್ರಿ! ಸತ್ತಾವ ಅಂದಿದ್ರಲ್ಲ, ಮಾರಿ ಎತ್ತಿ ನೋಡ್ರಿ!”

“ಪರದೆ ನೋಡೋದು ನನ್ನ ಕೆಲಸ ಅಲ್ಲ,” ಎಂದು ಆತ ಟೆಂಪೋ ಹತ್ತಿದ.

ಶ್ರೀಶೈಲಪ್ಪ ಕುಣಿದಾಡಿದ. “ಉಳದುವಲ್ರಿ ಇಮಾಮಸಾಬ್ರ, ಎಲ್ಲಾ ಉಳದುವು!”

“ಎದರಿಂದ ಉಳದುವ್ರಿ? ನನ್ನ ಉಗರಿನಿಂದ! ಮಳಿಗಾಲ ಪೂರಾ ಬೆವರ ಸುರಿಸಿ ದೀಪಾ ಹಚ್ಚಿದೆ, ಆ ಮಗ ಹರದ ಕಾಗದ ನೋಡಿ ಹೋದ!” ಎನ್ನುತ್ತ ಇಮಾಮಸಾಬ ಟೆಂಪೋದ ಹಿಂದೆ ಗಾಂವಠಾಣದ ಕೊನೆಯ ಮನೆಯವರೆಗೆ ಓಡಿದ. ಚಾಲಕ ಕನ್ನಡಿಯಲ್ಲಿ ನೋಡಿ ಗಾಡಿಯ ವೇಗ ಹೆಚ್ಚಿಸಿದ.

ಆ ಯಂತ್ರಗಳಲ್ಲಿ ಮಕ್ಕಳು ವರ್ಷಗಟ್ಟಲೆ ಕಲಿತರು. ಇಮಾಮಸಾಬನ ಸಿಟ್ಟು ಮಾತ್ರ ಇಳಿಯಲಿಲ್ಲ. ಆಮೇಲೆ ಶಾಲೆಗೆ ಯಾರೇ ಬರಲಿ, ಸಾಹೇಬನಿರಲಿ, ಸಂಬಾರ ಮಾರುವವನಿರಲಿ, ಸುದ್ದಿ ತಿಳಿದರೆ ಸಾಕು, ಉಟಗಿ ಬಸ್ಸಿಗೆ ಕಾದು ನಿಂತು ಹೋಗುತ್ತಿದ್ದ. ಒಂದು ಯಂತ್ರವನ್ನು ಬಂದ್ ಮಾಡಿ, ಬಂದವರ ಭುಜ ಹಿಡಿದು ಅದರ ಮುಂದೆ ಕೂರಿಸಿ, ಮತ್ತೆ ಗುಂಡಿ ಒತ್ತುತ್ತಿದ್ದ.

“ಕುಂದ್ರಿ. ಅವಸರ ಮಾಡಬ್ಯಾಡ್ರಿ. ತಡೀರಿ... ಹಾಂ, ಈಗ ನೋಡ್ರಿ. ನೋಡಿದ್ರಿಲ್ಲ? ಅವ ನೋಡಲಿಲ್ಲರಿ.”