ಮುಂದಕ್ಕೆ ಹಾಕಿದ ಹೊಸ ಟೈರುಗಳು

ಯುದ್ಧದ ಆ ವರ್ಷಗಳಲ್ಲಿ ಪೆಟ್ರೋಲು ಸಿಗದೆ ನಮ್ಮ ಮೋಟಾರು ಇದ್ದಿಲಿನ ಮೇಲೆ ಓಡುತ್ತಿತ್ತು. ಹೊಸಪೇಟೆಯಿಂದ ಸಂಡೂರಿಗೆ ಜನರನ್ನು ಸಾಗಿಸುವ, ನಾಲ್ಕೇ ಗಾಲಿಯ ಸಣ್ಣ ಬಸ್ಸು ಅದು. ಅದರ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು ಬಿಗಿದು, ಅದರೊಳಗೆ ಇದ್ದಿಲು ಉರಿಸಿ, ಬಂದ ಗ್ಯಾಸನ್ನು ಎಂಜಿನ್ನಿಗೆ ಬಿಡುತ್ತಿದ್ದೆವು. ಮುಂದೆ ಕೂತು ಓಡಿಸುವವನು ನಾನು. ಹಿಂದೆ ಡ್ರಮ್ಮಿನ ಪಕ್ಕದ ಹಲಗೆಯ ಮೇಲೆ ನಿಂತು ಬೆಂಕಿ ಕೆದಕುವವನು ನನ್ನ ಅಣ್ಣ. ನನಗೆ ಓಡಿಸಲು ಕಲಿಸಿದವನೂ ಅವನೇ. ಕಣ್ಣಿಗೆ ಪೊರೆ ಬರತೊಡಗಿದ ಮೇಲೆ ಸ್ಟೇರಿಂಗನ್ನು ನನಗೆ ಬಿಟ್ಟುಕೊಟ್ಟು ತಾನು ಹಿಂದಕ್ಕೆ ಹೋಗಿದ್ದ.

ನಾಲ್ಕೂ ಟೈರು ಸವೆದು ಅಂಗೈಯಷ್ಟು ನುಣ್ಣಗಾಗಿದ್ದವು. ಹೊಸದು ಬೇಕೆಂದರೆ ಪರ್ಮಿಟ್ಟು ಬೇಕು, ಪರ್ಮಿಟ್ಟಿಗೆ ಬಳ್ಳಾರಿಯ ಕಚೇರಿ. ತಿಂಗಳುಗಟ್ಟಲೆ ಅಲೆದು ಚಪ್ಪಲಿ ಸವೆಸಿದ ಮೇಲೆ ಗುಮಾಸ್ತ ಎರಡಕ್ಕೆ ಮಾತ್ರ ಬರೆದುಕೊಟ್ಟ.

"ಎರಡರಾಗ ಸುಧಾರಸ್ಕೊರ್ರಿ. ಉಳಿದಾವೆಲ್ಲಾ ಯುದ್ಧಕ್ಕ ಹೋಗ್ಯಾವ" ಎಂದು, ಟೈರುಗಳೇ ಸಿಪಾಯಿಗಳಾಗಿ ಸೇರಿದಂತೆ ಗಂಭೀರವಾಗಿ ಹೇಳಿದ.

ಎರಡು ಟೈರು ಮನೆಯಂಗಳಕ್ಕೆ ಬಂದ ದಿನ ಅಣ್ಣನಿಗೂ ನನಗೂ ಜಟಾಪಟಿ ಆಯಿತು. ಅವನು ಹಿಂದಿನ ಗಾಲಿಯನ್ನು ಕಾಲಿನಿಂದ ತಟ್ಟಿ ತೋರಿಸಿದ.

"ಇವಕ್ಕ ಹಾಕೋಣೋ ತಮ್ಮಾ. ಭಾರ ಎಲ್ಲಾ ಹಿಂದ ಐತಿ. ಮಳಿ ಬಂದ್ರ ಹಿಂದಿಂದ ಮೊದ್ಲು ಜಾರತೈತಿ."

"ಮುಂದಿಂದು ಒಡದ್ರ ಸ್ಟೇರಿಂಗು ಕೈಯಾಗ ನಿಲ್ಲತೈತೇನಣ್ಣಾ? ಹಿಂದಿಂದು ಒಡದ್ರ ಕುಂಟಕೋತಾದ್ರೂ ನಿಂದ್ರತೈತಿ" ಎಂದೆ.

ಅಷ್ಟರಲ್ಲಿ ಅವ್ವ ಕುಂಕುಮದ ತಟ್ಟೆ ಹಿಡಿದು ಬಂದಳು. ಮೋಟಾರಿಗೆ ಏನೇ ಹೊಸದು ಬರಲಿ, ಮುಂದಿನ ಎರಡು ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಅದರ ಮೇಲೆ ಹಾಯಿಸಿದ ಮೇಲೆಯೇ ಜನರನ್ನು ಹತ್ತಿಸುವುದು ನಮ್ಮಲ್ಲಿನ ರೂಢಿ. ಹಿಂದಿನ ಗಾಲಿಗೆ ನಿಂಬೆಹಣ್ಣಿಟ್ಟವರನ್ನು ನಾನಂತೂ ಕಂಡಿರಲಿಲ್ಲ.

"ಹೊಸಾವು ಮುಂದ ಇರಲಿ. ಸವೆದ ಗಾಲಿಗೆ ಪೂಜಿ ಮಾಡಾಕ ಆಗತೈತೇನು?" ಎಂದಳು ಅವ್ವ.

"ದೇವ್ರು ಹಿಂದ ಬಂದು ನೋಡಂಗಿಲ್ಲೇನಬೇ ಯವ್ವಾ?" ಎಂದು ಅಣ್ಣ ನಕ್ಕ. ಅವ್ವ ನಗಲಿಲ್ಲ. ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ. ಇಬ್ಬರೂ ಒಂದಾದದ್ದನ್ನು ನೋಡಿ ಅಣ್ಣ ಜಾಕು ತಂದ, ತಾನೇ ಕೂತು ಹೊಸ ಟೈರುಗಳನ್ನು ಮುಂದಕ್ಕೆ ಹಾಕಿದ. ಹಿಂದಿದ್ದ ತೀರಾ ಸವೆದವನ್ನು ತೆಗೆದೆಸೆದು, ಮುಂದಿದ್ದ ಹಳೆಯವನ್ನು ಅಲ್ಲಿಗೆ ಹಾಕಿದ.

ಅಂದು ನಾನು ನಿಂಬೆಹಣ್ಣಿನ ಮರೆಯಲ್ಲಿ ನಿಂತಿದ್ದೆ, ಅಷ್ಟೆ. ನನಗಿದ್ದದ್ದು ಜೀವಭಯ. ಮುಂದಿನ ಟೈರು ಒಡೆದು ಮೋಟಾರು ಕಮರಿಗೆ ಬಿದ್ದರೆ ಮೊದಲು ಸಾಯುವವನು ನಾನು ಎಂಬ ಭಯ. ಜೊತೆಗೆ ಒಣ ಜಂಬ ಬೇರೆ: ಹೊಸಪೇಟೆಯ ಸ್ಟ್ಯಾಂಡಿನಲ್ಲಿ ಉಳಿದ ಮೋಟಾರಿನವರ ಕಣ್ಣು ಬೀಳುವುದು ಮುಂದಿನ ಗಾಲಿಯ ಮೇಲೆ. ನಾನು ಕೂರುವ ಕಡೆಗೆ ಹೊಸದು, ಅಣ್ಣ ನಿಲ್ಲುವ ಕಡೆಗೆ ಹಳೆಯದು. ಹೀಗೆ ನೇರವಾಗಿ ಹೇಳಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಬಿಸಿಲಿನ ದಿನಗಳಲ್ಲಿ ಮೋಟಾರು ಸರಾಗವಾಗಿ ಓಡಿತು. "ನೋಡಿದ್ಯಿಲ್ಲಣ್ಣಾ, ಹೂವಿನಂಗ ಹೊಂಟೈತಿ" ಎಂದು ಛೇಡಿಸುತ್ತಿದ್ದೆ. ಅವನು ಮುಖದ ಮಸಿ ಒರೆಸಿಕೊಂಡು "ಮಳಿ ಬರ್ಲಿ ತಡಿ" ಎನ್ನುತ್ತಿದ್ದ.

ಮಳೆ ಬಂತು. ಅಂದು ಮಧ್ಯಾಹ್ನ ಸಂಡೂರಿನಿಂದ ಐದಾರು ಜನರನ್ನು ಹತ್ತಿಸಿಕೊಂಡು ಹೊಸಪೇಟೆಗೆ ಹೊರಟಿದ್ದೆವು. ವರ್ಷದ ಮೊದಲ ಮಳೆಗೆ ಗುಡ್ಡದ ಕೆಮ್ಮಣ್ಣು ದಾರಿಗಿಳಿದು ರಾಡಿಯಾಗಿತ್ತು. ಇಳಿಜಾರಿನ ತಿರುವಿನಲ್ಲಿ ಮೆಲ್ಲಗೆ ಬ್ರೇಕು ಒತ್ತಿ ಸ್ಟೇರಿಂಗು ತಿರುಗಿಸಿದೆ. ಮುಂದಿನ ಗಾಲಿಗಳು ಹೇಳಿದ ಮಾತು ಕೇಳಿದವು, ಕೂದಲೆಳೆಯಷ್ಟೂ ಜಾರಲಿಲ್ಲ. ಹಿಂಭಾಗ ಮಾತ್ರ ಬಿಟ್ಟುಹೋಯಿತು. ನಾನು ಕೂತ ಜಾಗ ಇದ್ದಲ್ಲೇ ಇರುವಾಗ ಬೆನ್ನ ಹಿಂದಿನ ಮೋಟಾರೆಲ್ಲ ಪಕ್ಕಕ್ಕೆ ಬೀಸಿ ಗುಡ್ಡದ ಬಂಡೆಗೆ ಬಡಿಯಿತು.

ಒಳಗಿದ್ದವರಿಗೆ ತರಚು ಗಾಯ. ನನಗೆ ಅದೂ ಇಲ್ಲ. ಅಣ್ಣ ಡ್ರಮ್ಮಿಗೂ ಬಂಡೆಗೂ ನಡುವೆ ಸಿಕ್ಕಿದ್ದ.

ಎಲ್ಲರೂ ಸೇರಿ ಮೋಟಾರು ಸರಿಸಿ ಅವನನ್ನು ಎಳೆದುಕೊಂಡೆವು. ಹಿಂದೆ ಬರುತ್ತಿದ್ದ ಇನ್ನೊಂದು ಮೋಟಾರಿನಲ್ಲಿ ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದ್ದಾಯಿತು. ಎರಡು ದಿನ ಅವನಿಗೆ ಎಚ್ಚರವಿರಲಿಲ್ಲ. ಅವ್ವ ಮಂಚದ ಕಾಲು ಹಿಡಿದು ಕೂತವಳು ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ. ನಿಂಬೆಹಣ್ಣಿನ ಮಾತು ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಅವನು ಕಣ್ಣು ಬಿಟ್ಟು ನನ್ನನ್ನು ಹತ್ತಿರ ಕರೆದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಮುಂದಿನ ಟೈರು ಹೆಂಗದಾವು?"

"ಏನೂ ಆಗಿಲ್ಲಣ್ಣಾ. ಹೊಸಾವು ಇದ್ದಂಗೇ ಅದಾವು."

"ಹಂಗಾರ ತಗದು ಹಿಂದ ಹಾಕು. ಇನ್ನ ಮ್ಯಾಲ ಅಲ್ಲಿ ನಿಂದ್ರಾವ ಯಾರೋ ಒಬ್ಬ ಬರ್ತಾನ."

ತಾನು ಮತ್ತೆ ಅಲ್ಲಿ ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು. ಸಂಜೆಗೆ ಹೋಗಿಬಿಟ್ಟ.

ಮೋಟಾರು ರಿಪೇರಿಯಾಗಿ ಬಂದ ದಿನ ಜಾಕು ಹಿಡಿದು ಒಬ್ಬನೇ ಕೂತೆ. ಹೊಸ ಟೈರುಗಳನ್ನು ಹಿಂದಕ್ಕೆ ಹಾಕಿದೆ. ಹಳೆಯವು ಮತ್ತೆ ಮುಂದಕ್ಕೆ, ನನ್ನ ಕಡೆಗೆ ಬಂದವು. ಹಿಂದೆ ಬೆಂಕಿ ಕೆದಕಲು ಬೇರೊಬ್ಬ ಆಳು ಬಂದ. ಅವನು ಇಬ್ಬರು ಮಕ್ಕಳ ತಂದೆ. ಎಂಥ ಮಳೆಯಲ್ಲೂ ಮೋಟಾರಿನ ಬೆನ್ನು ಜಾರಲಿಲ್ಲ. ಅಣ್ಣನ ಮಾತು ನಿಜವೆಂದು ಆ ದಾರಿ ನನಗೆ ದಿನಾ ಎರಡು ಸಲ ತೋರಿಸಿಕೊಡುತ್ತಿತ್ತು.

ಆಗೀಗ ರಿಪೇರಿಗೆಂದು, ಆಳನ್ನು ಬಿಟ್ಟು, ದಾರಿಯಲ್ಲಿ ನಾನೇ ಇಳಿದು ಬೆಂಕಿ ಕೆದಕಿಕೊಳ್ಳುತ್ತ, ಒಬ್ಬನೇ ಖಾಲಿ ಮೋಟಾರು ಓಡಿಸಿಕೊಂಡು ಬಳ್ಳಾರಿಗೆ ಹೋಗಬೇಕಾಗುತ್ತಿತ್ತು. ಅಂಥ ದಿನ ಬೇಕೆಂದೇ ಜೋರಾಗಿ ಓಡಿಸುತ್ತಿದ್ದೆ. ಮುಂದಿನ ಟೈರು ಒಡೆಯಲಿ, ಅಂದು ನಾನು ವಾದಿಸಿದ್ದು ಒಂದು ಸಲವಾದರೂ ನಿಜವಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ನೂಲು ಕಾಣುವಷ್ಟು ಸವೆದ ಆ ಎರಡು ಟೈರುಗಳ ಮೇಲೆಯೇ ಯುದ್ಧ ಮುಗಿಯುವವರೆಗೂ ಓಡಿಸಿದೆ. ಒಂದೂ ಒಡೆಯಲಿಲ್ಲ.